ಮೌನ ಸಮ್ಮತಿಯಲ್ಲ!

ಗೋವಿನಕೋವಿಯಿಂದ ದಾವಣಗೆರೆಯ ಕಾಲೇಜಿಗೆ ಹೊರಟ ಮಗಳಿಗೆ ತಾಯಿ ಹೇಳುವುದು ಒಂದೇ ಮಾತು: 'ಹೋಗಿ ಮುಟ್ಟಿದ ಕೂಡ್ಲೆ ಫೋನ್ ಮಾಡವ್ವ.' ಸಂಜೆಯಾದರೂ ಫೋನ್ ಬರದಿದ್ದರೆ, 'ಕೆಟ್ಟ ಸುದ್ದಿಯೇನೂ ಬಂದಿಲ್ಲವಲ್ಲ' ಎಂದು ಆಕೆ ಸುಮ್ಮನಿರುವಳೇ? ಇಲ್ಲ. ಹಾಸ್ಟೆಲಿಗೆ ಫೋನ್ ಮಾಡಿ ವಿಚಾರಿಸುತ್ತಾಳೆ. ತಂತ್ರಾಂಶಗಳನ್ನು ಪರೀಕ್ಷಿಸುವವರೂ ಈ ತಾಯಿಯಿಂದ ಕಲಿಯಬೇಕಾದ ಪಾಠ ಇದು.

ತಂತ್ರಾಂಶದಲ್ಲಿ ಚಿಕ್ಕ ಬದಲಾವಣೆ ಮಾಡಿದರೂ ಅದನ್ನು ನೂರಾರು ಬಗೆಯಲ್ಲಿ ಮತ್ತೆ ಪರೀಕ್ಷಿಸಬೇಕು. ಪ್ರತಿ ಸಲವೂ ಮನುಷ್ಯರೇ ಕುಳಿತು ಇದನ್ನು ಮಾಡುವುದು ಆಗದ ಮಾತು. ಹಾಗಾಗಿ ಇನ್ನೊಂದು ಪ್ರೋಗ್ರಾಮೇ ರಾತ್ರಿಯಿಡೀ ಪರೀಕ್ಷೆ ನಡೆಸಿ, ಬೆಳಿಗ್ಗೆ ಪಾಸು-ಫೇಲಿನ ಪಟ್ಟಿ ಒಪ್ಪಿಸುತ್ತದೆ.

ಆದರೆ ಪರೀಕ್ಷೆಯ ನಡುವೆಯೇ ತಂತ್ರಾಂಶ ಕುಸಿದುಬಿದ್ದರೆ? ಇದನ್ನೇ 'ಕ್ರ್ಯಾಶ್' ಎನ್ನುವುದು. ದಾಖಲೆಯಲ್ಲಿ 'ತಪ್ಪು' ಎಂಬ ಪದ ಇದೆಯೇ ಎಂದಷ್ಟೇ ಹುಡುಕುವ ಪರೀಕ್ಷಕ ಇಲ್ಲಿ ಮೋಸಹೋಗುತ್ತಾನೆ. ಸತ್ತ ಪ್ರೋಗ್ರಾಂ ತನ್ನ ತಪ್ಪು ಬರೆಯಲು ಉಳಿದಿರುವುದಿಲ್ಲ! ಗೈರುಹಾಜರಾದ ವಿದ್ಯಾರ್ಥಿ ಒಂದೂ ತಪ್ಪು ಬರೆದಿಲ್ಲವೆಂದು ನೂರಕ್ಕೆ ನೂರು ಕೊಟ್ಟಂತಾಯಿತು. ಆ ಸುಳ್ಳು 'ಪಾಸು' ಹೊತ್ತ ತಂತ್ರಾಂಶ ನಾಳೆ ಬ್ಯಾಂಕನ್ನೋ ಆಸ್ಪತ್ರೆಯನ್ನೋ ಸೇರಬಹುದು.

ಇದಕ್ಕೆ ಉಪಾಯಗಳಿವೆ. ಮೊದಲನೆಯದು, ಮುಕ್ತಾಯದ ಅಂಕಿ. ಪ್ರತಿ ಪ್ರೋಗ್ರಾಂ ಮುಗಿಯುವಾಗಲೂ ಒಂದು ಅಂಕಿ ಉಳಿಯುತ್ತದೆ. 0 ಎಂದರೆ ಕ್ಷೇಮ. ಲೀನಕ್ಸ್‌ನಲ್ಲಿ ತನ್ನದಲ್ಲದ ಮೆಮೊರಿಗೆ ಕೈಹಾಕಿದ ಪ್ರೋಗ್ರಾಮಿಗೆ 11ನೇ ಸಂಕೇತ ಬರುತ್ತದೆ. ಅದರಿಂದ ಅದು ಸತ್ತರೆ ಬ್ಯಾಷ್ ಷೆಲ್ 128ಕ್ಕೆ 11 ಕೂಡಿಸಿ 139 ಎಂದು ತೋರಿಸುತ್ತದೆ. ಆದರೆ ಒಂದು ಎಚ್ಚರ: ಪ್ರೋಗ್ರಾಮುಗಳನ್ನು 'ಪೈಪ್' ಮೂಲಕ ಜೋಡಿಸಿದಾಗ ಸಾಮಾನ್ಯವಾಗಿ ಕೊನೆಯದರ ಅಂಕಿ ಮಾತ್ರ ಸಿಗುತ್ತದೆ. ಮೊದಲನೆಯದು ಸತ್ತಿದ್ದರೂ 0 ಬರಬಹುದು. 'ಪೈಪ್‌ಫೇಲ್' ಎಂಬ ಏರ್ಪಾಡು ಇದನ್ನು ತಪ್ಪಿಸುತ್ತದೆ.

ಎರಡನೆಯದು, ಲೆಕ್ಕ. ಪರ್ಲ್ ಭಾಷೆಯೊಂದಿಗೆ 1987ರಲ್ಲಿ ಹುಟ್ಟಿದ ಒಂದು ಪದ್ಧತಿಯಲ್ಲಿ, ಒಟ್ಟು ಎಷ್ಟು ಪರೀಕ್ಷೆಗಳೆಂದು ಮೊದಲೇ ಸಾರಬಹುದು. 200 ಎಂದು ಹೇಳಿ 140ಕ್ಕೆ ಸದ್ದಡಗಿದರೆ, ಆ 140 ಪಾಸಾಗಿದ್ದರೂ ಒಟ್ಟು ಫಲಿತಾಂಶ ಫೇಲು.

ಮೂರನೆಯದು, ಗಡುವು. ಕುಸಿದ ಪ್ರೋಗ್ರಾಂ ಕೆಲವೊಮ್ಮೆ ಪರದೆಯ ಮೇಲೆ ಒಂದು ಸಂದೇಶ ತೋರಿಸಿ, ಯಾರಾದರೂ 'ಓಕೆ' ಒತ್ತಲೆಂದು ಕಾಯುತ್ತದೆ. ನಡುರಾತ್ರಿ ಒತ್ತುವವರು ಯಾರು? ಇಂತಿಷ್ಟು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಅದನ್ನು ನಿಲ್ಲಿಸಿ, ಫೇಲೆಂದು ಬರೆಯಬೇಕು.

ಮೌನಕ್ಕೆ ಬೆಲೆ ಕೊಡುವುದು ಹೇಗೆಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನತ್ತ ಇಳಿಯುತ್ತಿದ್ದ ಚಂದ್ರಯಾನ-2ರ 'ವಿಕ್ರಮ್' 2.1 ಕಿ.ಮೀ. ಎತ್ತರದವರೆಗೆ ಸರಿಯಾಗಿತ್ತು, ಬಳಿಕ ಸಂಪರ್ಕ ಕಡಿಯಿತು ಎಂದು ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಇಸ್ರೊ ಅಧ್ಯಕ್ಷ ಕೆ. ಶಿವನ್ ಪ್ರಕಟಿಸಿದರು. ಮಾಹಿತಿಯ ವಿಶ್ಲೇಷಣೆ ನಡೆದಿದೆ ಎಂದರೇ ಹೊರತು ಮೌನವನ್ನು ಯಶಸ್ಸಿನ ಲೆಕ್ಕಕ್ಕೆ ಸೇರಿಸಲಿಲ್ಲ. ನೌಕೆ ಅಪ್ಪಳಿಸಿದ್ದ ಜಾಗವನ್ನು ನಾಸಾ ಅದೇ ಡಿಸೆಂಬರಿನಲ್ಲಿ ತೋರಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗಲಾದರೋ, 'ಮುಟ್ಟಿದೆ' ಎಂಬ ಸುದ್ದಿ ಖಚಿತವಾಗಿ ಬಂತು.

ಎಂಜಿನಿಯರಿಂಗ್ ಓದುವ ಮಕ್ಕಳು ಇದನ್ನು ಮಾಡಿ ನೋಡಬಹುದು. ಸಿ ಭಾಷೆಯಲ್ಲಿ 'ಅಬಾರ್ಟ್' ಕರೆದು ಬೇಕೆಂದೇ ಸಾಯುವ ಪ್ರೋಗ್ರಾಂ ಬರೆಯಿರಿ. ಲೀನಕ್ಸ್‌ನ ಬ್ಯಾಷ್‌ನಲ್ಲಿ 134 ಬರಬೇಕು. ಅದನ್ನೇ ನಿಮ್ಮ ಪರೀಕ್ಷಕ ಪ್ರೋಗ್ರಾಮಿಗೆ ಒಪ್ಪಿಸಿ. ಅದು 'ಪಾಸು' ಎಂದರೆ, ಮೊದಲು ರಿಪೇರಿಯಾಗಬೇಕಾದ್ದು ಪರೀಕ್ಷಕನೇ!