ದಾರಿಬದಿಯ ಬೋರ್ಡುಗಳು

ನಮ್ಮ ಪಲ್ಲಾವರಂ ಊರಿನ ನಡುವೆ ಹಾದುಹೋಗುವ ಹೆದ್ದಾರಿಗೆ ಜಿ.ಎಸ್.ಟಿ. ರಸ್ತೆಯೆಂದು ಹೆಸರು. 2017ರ ಜುಲೈಯಲ್ಲಿ ಇದೇ ಅಕ್ಷರಗಳ ತೆರಿಗೆಯೊಂದು ಜಾರಿಗೆ ಬಂದ ಮೇಲೆ, ಊರಕಡೆಯಿಂದ ಬರುವ ನೆಂಟರು ಬೋರ್ಡನ್ನು ಕಂಡು, "ಇಲ್ಲಿ ರಸ್ತೆಗೂ ತೆರಿಗೆಯ ಹೆಸರೇ?" ಎಂದು ಹುಬ್ಬೇರಿಸುವುದುಂಟು. ಇದು ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆಯ ಮೊಟಕು ಹೆಸರು, ಬ್ರಿಟಿಷರ ಕಾಲದ್ದು ಎಂದು ಸಮಾಧಾನ ಹೇಳಿ ಅಡ್ಡಬೀದಿಗೆ ತಿರುಗಿದರೆ, ಅಲ್ಲಿನ ಬೋರ್ಡುಗಳ ತುಂಬ 'ತೆರು'! ತಮಿಳಿನಲ್ಲಿ ತೆರು ಎಂದರೆ ಬೀದಿ. ಕನ್ನಡಿಗರಿಗೆ ಮಾತ್ರ ಬೀದಿಬೀದಿಯಲ್ಲೂ ಯಾರೋ ನಿಂತು "ಕಂದಾಯ ತೆರು" ಎಂದು ಗದರಿಸಿದಂತೆ ತೋರುತ್ತದೆ.

ಕೈಮರಗಳ ಪಾಡೂ ಇಷ್ಟೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ, ಉತ್ತರಕ್ಕೆ ಕೈತೋರುವ ಬೋರ್ಡನ್ನು ಹೊಸಬರು 'ಕಿಂಡಿ' ಎಂದು ಓದಿಕೊಳ್ಳುತ್ತಾರೆ. ಆ ಊರು ಗಿಂಡಿ. ದಕ್ಷಿಣಕ್ಕೆ ಹೋದರೆ ತಾಂಬರಂ. ಎರಡನ್ನೂ ಸೇರಿಸಿ 'ತಾಮ್ರದ ಗಿಂಡಿ' ಎಂದು ನೆನಪಿಟ್ಟುಕೊಂಡರೆ ದಾರಿ ತಪ್ಪುವ ಭಯವಿಲ್ಲ.

ಅಕ್ಷರದ ತೊಡಕು ಬೇಡವೆಂದು ಅಂಕೆಯನ್ನು ನಂಬೋಣವೆಂದರೆ, 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳೇ ಬದಲಾದುವು. ನಮ್ಮ ರಸ್ತೆ ಹಿಂದೆ 45, ಈಗ 32. ಶ್ರೀಪೆರುಂಬುದೂರಿನ ಮೇಲೆ ಬೆಂಗಳೂರಿಗೆ ಹೋಗುವ ರಸ್ತೆ ಅಲ್ಲಿ 4 ಆಗಿದ್ದುದು 48 ಆಯಿತು. ಸಮಸಂಖ್ಯೆ ಉತ್ತರ-ದಕ್ಷಿಣದ ಮುಖ್ಯ ಹೆದ್ದಾರಿಗಳಿಗೆ, ಬೆಸಸಂಖ್ಯೆ ಪೂರ್ವ-ಪಶ್ಚಿಮದವಕ್ಕೆ ಎಂಬುದು ಹೊಸ ನಿಯಮ. ಹಾಗಾದರೆ ಪಶ್ಚಿಮದ ಬೆಂಗಳೂರಿಗೆ ಸಮಸಂಖ್ಯೆ ಏಕೆ? ಈ ಹೆದ್ದಾರಿ ಬೆಂಗಳೂರಿಗೆ ನಿಲ್ಲದೆ ಮುಂಬಯಿಯನ್ನೂ ದಾಟಿ ದೆಹಲಿಯವರೆಗೆ ಹೋಗುತ್ತದೆ!

ಇಲ್ಲಿಯವರೆಗಿನದು ನಗೆಯ ಮಾತು. ನಗುವಂತಿಲ್ಲದ ಬೋರ್ಡೂ ಒಂದುಂಟು. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ಹುಲಿ. ಇದೇ ಲೆಕ್ಕದಲ್ಲಿ 'ಪಳ್ಳಿ' ಎಂಬ ಎಚ್ಚರಿಕೆಯನ್ನು ಹಳ್ಳಿಯೆಂದು ತಿಳಿದವನು, ಮುಂದೆ ಯಾವುದೋ ಊರು ಬರುತ್ತದೆಂದು ನಿಶ್ಚಿಂತನಾಗಿ ವಾಹನ ಬಿಟ್ಟಾನು. ಇಲ್ಲಿ ಪಳ್ಳಿಯೆಂದರೆ ಪಾಠಶಾಲೆ. ಗಂಟೆ ಬಾರಿಸಿದೊಡನೆ ಚೀಲ ಹೊತ್ತ ಮಕ್ಕಳು ರಸ್ತೆಗೆ ಓಡಿಬರುವ ಸ್ಥಳವದು. ಪೂರ್ತಿ ತಿಳಿಯದ ಮಾತಿಗಿಂತ ಅರ್ಧ ತಿಳಿದ ಮಾತೇ ಹೆಚ್ಚು ಅಪಾಯ.

ಆದ್ದರಿಂದ ವಾಹನ ನಡೆಸುವವರು ಮೊದಲು ಬೋರ್ಡಿನ ಆಕಾರವನ್ನು ನೋಡಬೇಕು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ವೃತ್ತ ಅಪ್ಪಣೆ, ನೀಲಿಯ ಆಯತ ಮಾಹಿತಿ. ಎಂಟು ಮೂಲೆಯದು 'ನಿಲ್ಲಿ'. ತಲೆಕೆಳಗಾದ ತ್ರಿಕೋನ 'ದಾರಿ ಬಿಡಿ'. ಈ ಎರಡು ಆಕಾರಗಳು ಬೇರಾವ ಬೋರ್ಡಿಗೂ ಇಲ್ಲ. ಮೇಲೆ ಭಿತ್ತಿಪತ್ರ ಅಂಟಿಸಿದ್ದರೂ ಗುರುತು ಸಿಕ್ಕುತ್ತದೆ. ನೀಲಿ ವೃತ್ತಕ್ಕೆ ಒಂದು ಕೆಂಪು ಗೀಟಿದ್ದರೆ ವಾಹನ ನಿಲ್ಲಿಸಿಟ್ಟು ಹೋಗುವಂತಿಲ್ಲ. ಎರಡು ಗೀಟು ಅಡ್ಡಡ್ಡ ಹಾಯ್ದಿದ್ದರೆ ಕ್ಷಣಹೊತ್ತು ನಿಲ್ಲುವಂತೆಯೂ ಇಲ್ಲ.

ಆಕಾರದ ಜೊತೆಗೆ ನಾಲ್ಕು ತಮಿಳು ಮಾತುಗಳನ್ನೂ ಕಲಿಯೋಣ. ಗುರುಗಳು ಮನೆಯಲ್ಲೇ ಇದ್ದಾರೆ: ಇಲ್ಲಿಯ ಶಾಲೆಗಳಲ್ಲಿ ತಮಿಳು ಕಲಿಯುತ್ತಿರುವ ನಮ್ಮ ಮಕ್ಕಳು. 'ಪಳ್ಳಿ' ಎಂಬ ಬೋರ್ಡಿನ ಆಚೆ ರಸ್ತೆ ದಾಟುವವರೂ ಅವರೇ ಅಲ್ಲವೆ?