ಅಂತಾರಾಷ್ಟ್ರೀಯ ಶಾಂತಿಪಾಲನೆಯ ಉದ್ದೇಶ ಮತ್ತು ಉಪಯುಕ್ತತೆ: ಸೈಪ್ರಸ್ ದ್ವೀಪದ ನಿದರ್ಶನ

ಪೀಠಿಕೆ

ಎರಡನೆಯ ಮಹಾಯುದ್ಧದ ಅಪಾರ ಸಾವುನೋವಿನ ನಂತರ, ರಾಷ್ಟ್ರಗಳ ನಡುವಿನ ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸಲು 1945ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಅದರ ಕಾರ್ಯಗಳಲ್ಲಿ ಶಾಂತಿಪಾಲನೆಯು ಜನಸಾಮಾನ್ಯರಿಗೆ ಹೆಚ್ಚು ಪರಿಚಿತವಾದುದು. ನೀಲಿ ಶಿರಸ್ತ್ರಾಣ ಧರಿಸಿದ ಸೈನಿಕರು ಅದರ ಗುರುತಾಗಿದ್ದಾರೆ. ಆದರೆ ಯುದ್ಧ ಮಾಡದ ಸೈನ್ಯದಿಂದ ಪ್ರಯೋಜನವೇನು, ದಶಕಗಳು ಕಳೆದರೂ ವಿವಾದ ಬಗೆಹರಿಯದಿದ್ದಲ್ಲಿ ಅಂತಹ ಪಡೆಯನ್ನು ಏಕೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗಳು ಸಹಜವಾಗಿಯೇ ಉದ್ಭವಿಸುತ್ತವೆ. 1964ರಿಂದ ಶಾಂತಿಪಾಲನಾ ಪಡೆ ನೆಲೆಸಿರುವ ಸೈಪ್ರಸ್ ದ್ವೀಪದ ಅನುಭವವು ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ನೀಡುತ್ತದೆ. ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇದೇ ದ್ವೀಪದ ಸೇವೆಯಲ್ಲಿ.

ಶಾಂತಿಪಾಲನೆ ಎಂದರೇನು?

ವಿಶ್ವಸಂಸ್ಥೆಗೆ ತನ್ನದೇ ಆದ ಸೈನ್ಯವಿಲ್ಲ. ಭದ್ರತಾ ಮಂಡಳಿಯು ನಿರ್ಣಯ ಅಂಗೀಕರಿಸಿದ ನಂತರ ಸದಸ್ಯ ರಾಷ್ಟ್ರಗಳು ತಮ್ಮ ಸೈನಿಕರನ್ನೂ ಪೊಲೀಸರನ್ನೂ ಕಳುಹಿಸಿಕೊಡುತ್ತವೆ. ವಿಶ್ವಸಂಸ್ಥೆಯ ಸನ್ನದಿನಲ್ಲಿ ‘ಶಾಂತಿಪಾಲನೆ’ ಎಂಬ ಪದವೇ ಇಲ್ಲ. ಅಗತ್ಯಕ್ಕೆ ಅನುಗುಣವಾಗಿ ರೂಢಿಯಲ್ಲಿ ಬೆಳೆದುಬಂದ ವ್ಯವಸ್ಥೆ ಇದು. 1948ರ ಮೇ 29ರಂದು ಪಶ್ಚಿಮ ಏಷ್ಯಾದ ಕದನ ವಿರಾಮದ ಮೇಲ್ವಿಚಾರಣೆಗಾಗಿ ನಿರಾಯುಧ ವೀಕ್ಷಕರನ್ನು ಕಳುಹಿಸಲು ನಿರ್ಧರಿಸಿದಾಗ ಇದು ಆರಂಭವಾಯಿತು. 1956ರ ಸೂಯೆಜ್ ಬಿಕ್ಕಟ್ಟಿನ ಸಂದರ್ಭದಲ್ಲಿ ಮೊದಲ ಸಶಸ್ತ್ರ ಪಡೆಯನ್ನು ರಚಿಸಲಾಯಿತು.

ಶಾಂತಿಪಾಲನೆಯು ಮೂರು ಮೂಲತತ್ತ್ವಗಳನ್ನು ಅವಲಂಬಿಸಿದೆ:

1. ವಿವಾದದಲ್ಲಿರುವ ಪಕ್ಷಗಳ ಸಮ್ಮತಿ.
2. ಎರಡೂ ಕಡೆಯವರೊಂದಿಗೆ ನಿಷ್ಪಕ್ಷಪಾತ ವರ್ತನೆ.
3. ಆತ್ಮರಕ್ಷಣೆ ಹಾಗೂ ವಹಿಸಿದ ಕರ್ತವ್ಯದ ರಕ್ಷಣೆಗೆ ಹೊರತಾಗಿ ಬಲಪ್ರಯೋಗ ಮಾಡದಿರುವುದು.

ಗೆಲ್ಲುವುದು ಈ ಪಡೆಯ ಗುರಿಯಲ್ಲ. ಹೋರಾಡುತ್ತಿರುವವರ ನಡುವೆ ನಿಂತು, ಗುಂಡಿನ ಬದಲು ಮಾತಿಗೆ ಅವಕಾಶ ದೊರೆಯುವಂತೆ ಕಾಲಾವಕಾಶ ಕಲ್ಪಿಸುವುದೇ ಅದರ ಉದ್ದೇಶವಾಗಿದೆ.

ಸೈಪ್ರಸ್ ಸಮಸ್ಯೆಯ ಹಿನ್ನೆಲೆ

ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗದಲ್ಲಿರುವ ಸೈಪ್ರಸ್ 1960ರಲ್ಲಿ ಬ್ರಿಟಿಷ್ ಆಡಳಿತದಿಂದ ಸ್ವತಂತ್ರವಾಯಿತು. ಜನಸಂಖ್ಯೆಯಲ್ಲಿ ಗ್ರೀಕ್ ಭಾಷಿಕರು ಬಹುಸಂಖ್ಯಾತರಾಗಿದ್ದು, ಟರ್ಕಿ ಭಾಷಿಕರು ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಇದ್ದರು. ಎರಡೂ ಸಮುದಾಯಗಳಿಗೆ ಅಧಿಕಾರ ಹಂಚಿದ್ದ ಸಂವಿಧಾನವು ಮೂರೇ ವರ್ಷಗಳಲ್ಲಿ ಕುಸಿಯಿತು. 1963ರ ಡಿಸೆಂಬರ್‌ನಲ್ಲಿ ರಾಜಧಾನಿ ನಿಕೋಸಿಯಾದಲ್ಲಿ ಹಿಂಸಾಚಾರ ಭುಗಿಲೆದ್ದಿತು. ಆಗ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಎರಡು ಕಡೆಯವರನ್ನು ಬೇರ್ಪಡಿಸಲು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆಯೊಂದನ್ನು ಎಳೆದರು. ಅದು ಇಂದಿಗೂ ‘ಹಸಿರು ಗೆರೆ’ ಎಂದೇ ಪ್ರಸಿದ್ಧವಾಗಿದೆ.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿಯು 186ನೆಯ ನಿರ್ಣಯವನ್ನು ಅಂಗೀಕರಿಸಿ, ಸೈಪ್ರಸ್‌ಗೆ ಶಾಂತಿಪಾಲನಾ ಪಡೆಯನ್ನು ಮೂರು ತಿಂಗಳ ಅವಧಿಗೆ ಕಳುಹಿಸಲು ಶಿಫಾರಸು ಮಾಡಿತು. ಪಡೆಯ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ ಅವರು.

ಜನರಲ್ ತಿಮ್ಮಯ್ಯನವರ ಸೇವೆ

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅದಕ್ಕೂ ಮೊದಲು, ಕೊರಿಯಾ ಯುದ್ಧ ನಿಂತ ನಂತರ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥಪಡಿಸಲು 1953ರಲ್ಲಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಪರಸ್ಪರ ನಂಬಿಕೆಯೇ ಇಲ್ಲದ ಪಕ್ಷಗಳ ನಡುವೆ ಕಾರ್ಯನಿರ್ವಹಿಸಿದ ಈ ಅನುಭವದೊಂದಿಗೆ ಅವರು 1964ರಲ್ಲಿ ಸೈಪ್ರಸ್ ಪಡೆಯ ನಾಯಕತ್ವ ವಹಿಸಿಕೊಂಡರು.

ಅಲ್ಲಿ ಪಡೆಯ ನಿತ್ಯದ ಕೆಲಸ ರಣರಂಗದ ಕೆಲಸವಾಗಿರಲಿಲ್ಲ. ಹೊಲದಲ್ಲಿ ಕೊಯ್ಲು ಮಾಡಲು ಹೆದರುವ ರೈತರಿಗೆ ಕಾವಲು ಒದಗಿಸುವುದು, ನಿಕೋಸಿಯಾದಿಂದ ಕೈರೀನಿಯಾ ಪಟ್ಟಣಕ್ಕೆ ಹೋಗುವ ನಾಗರಿಕರ ವಾಹನಗಳನ್ನು ಬೆಂಗಾವಲಿನಲ್ಲಿ ಕರೆದೊಯ್ಯುವುದು, ಗುಂಡು ಹಾರಿದ ಕಡೆಗೆ ಧಾವಿಸಿ ಎರಡೂ ಕಡೆಯವರೊಂದಿಗೆ ಮಾತನಾಡುವುದು ಇವೇ ಮುಂತಾದವು ಸೈನಿಕರ ಕರ್ತವ್ಯಗಳಾಗಿದ್ದವು. ಸಣ್ಣ ಘಟನೆಯೊಂದು ದೊಡ್ಡ ಕದನವಾಗಿ ಬೆಳೆಯದಂತೆ ನೋಡಿಕೊಳ್ಳುವುದೇ ಇವೆಲ್ಲದರ ಗುರಿಯಾಗಿತ್ತು.

1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಕರ್ತವ್ಯದಲ್ಲಿದ್ದಾಗಲೇ ಸೈಪ್ರಸ್‌ನಲ್ಲಿ ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಮಡಿಕೇರಿಯಲ್ಲಿರುವ ಅವರ ನಿವಾಸ ‘ಸನ್ನಿ ಸೈಡ್’ ಅನ್ನು ವಸ್ತುಸಂಗ್ರಹಾಲಯವನ್ನಾಗಿ ರೂಪಿಸಿ 2021ರಲ್ಲಿ ಉದ್ಘಾಟಿಸಲಾಯಿತು. ನಂತರದ ವರ್ಷಗಳಲ್ಲಿ, 1969ರಿಂದ 1976ರವರೆಗೆ, ಭಾರತದವರೇ ಆದ ದಿವಾನ್ ಪ್ರೇಮ್ ಚಂದ್ ಅವರು ಈ ಪಡೆಯ ದಂಡನಾಯಕರಾಗಿದ್ದರು.

1974ರ ಯುದ್ಧ ಮತ್ತು ತಟಸ್ಥ ವಲಯ

1974ರ ಜುಲೈ 15ರಂದು ಗ್ರೀಸ್‌ನ ಸೈನಿಕ ಆಡಳಿತದ ಬೆಂಬಲದಿಂದ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಗಳ ನಂತರ ಟರ್ಕಿಯ ಸೇನೆಯು ದ್ವೀಪದ ಉತ್ತರ ತೀರದಲ್ಲಿ ಬಂದಿಳಿಯಿತು. ಈ ಯುದ್ಧವನ್ನು ತಡೆಯುವ ಸಾಮರ್ಥ್ಯವಾಗಲೀ ಅಧಿಕಾರವಾಗಲೀ ಶಾಂತಿಪಾಲನಾ ಪಡೆಗೆ ಇರಲಿಲ್ಲ. ಆದರೂ ಅದು ನಿಕೋಸಿಯಾದ ವಿಮಾನ ನಿಲ್ದಾಣವನ್ನು ವಿಶ್ವಸಂಸ್ಥೆಯ ರಕ್ಷಣೆಗೆ ಒಳಪಡಿಸಿತು ಹಾಗೂ ಸಿಲುಕಿಕೊಂಡಿದ್ದ ನಾಗರಿಕರಿಗೆ ನೆರವಾಯಿತು. ಆಗಸ್ಟ್ 16ರಂದು ಕದನ ವಿರಾಮ ಜಾರಿಗೆ ಬಂದಿತು. ಅಷ್ಟರಲ್ಲಿ ಸುಮಾರು 2 ಲಕ್ಷ ಜನರು ಮನೆಮಠ ತೊರೆದಿದ್ದರು ಇಲ್ಲವೇ ತೊರೆಯುವ ಸ್ಥಿತಿಯಲ್ಲಿದ್ದರು. ಗ್ರೀಕ್ ಭಾಷಿಕರು ದಕ್ಷಿಣಕ್ಕೂ ಟರ್ಕಿ ಭಾಷಿಕರು ಉತ್ತರಕ್ಕೂ ಸರಿದು ದ್ವೀಪವು ಎರಡಾಯಿತು.

ಎರಡು ಸೇನೆಗಳ ನಡುವಿನ ತಟಸ್ಥ ವಲಯವು ಸುಮಾರು 180 ಕಿಲೋಮೀಟರ್ ಉದ್ದವಿದೆ. ದ್ವೀಪದ ಭೂಭಾಗದಲ್ಲಿ ಇದರ ಪಾಲು ಶೇಕಡ 3ರಷ್ಟು. ನಿಕೋಸಿಯಾದ ಹಳೆಯ ಬೀದಿಗಳಲ್ಲಿ ಇದರ ಅಗಲ ಕೆಲವೇ ಮೀಟರ್‌ಗಳು. ಬೇರೆಡೆ ಹಲವು ಕಿಲೋಮೀಟರ್‌ಗಳು. ಈ ವಲಯದಲ್ಲಿ ಸುಮಾರು 10,000 ಜನರು ವಾಸಿಸುತ್ತಾರೆ ಅಥವಾ ದುಡಿಯುತ್ತಾರೆ. ಅಲ್ಲಿನ ಹೊಲ ಉಳುವುದಕ್ಕೂ ವಿದ್ಯುತ್ ಮಾರ್ಗವನ್ನು ದುರಸ್ತಿ ಮಾಡುವುದಕ್ಕೂ ಶಾಂತಿಪಾಲನಾ ಪಡೆಯೇ ಅನುಕೂಲ ಕಲ್ಪಿಸಿಕೊಡುತ್ತದೆ.

ಸಹಕಾರಕ್ಕೆ ದೊರೆತ ಅವಕಾಶ

ಗುಂಡಿನ ಸದ್ದು ನಿಂತ ಕಾಲದಲ್ಲಿ ಜನರು ಏನನ್ನು ಸಾಧಿಸಬಲ್ಲರು ಎಂಬುದಕ್ಕೆ ಎರಡು ಉದಾಹರಣೆಗಳನ್ನು ಗಮನಿಸಬಹುದು.

ಒಳಚರಂಡಿ ಯೋಜನೆ: ನಿಕೋಸಿಯಾ ನಗರದ ಒಳಚರಂಡಿ ವ್ಯವಸ್ಥೆಯನ್ನು ವಿಭಜನೆಗೆ ಮುನ್ನ ಇಡೀ ನಗರಕ್ಕಾಗಿ ಯೋಜಿಸಲಾಗಿತ್ತು. ವಿಭಜನೆಯ ನಂತರ ಶುದ್ಧೀಕರಣದ ಸ್ಥಳ ಉತ್ತರದಲ್ಲಿ ಉಳಿಯಿತು. ನಗರದ ಹೆಚ್ಚಿನ ಭಾಗ ದಕ್ಷಿಣದಲ್ಲಿತ್ತು. ಒಬ್ಬರನ್ನು ಬಿಟ್ಟು ಮತ್ತೊಬ್ಬರು ಯೋಜನೆಯನ್ನು ಪೂರೈಸುವಂತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ದಕ್ಷಿಣ ಭಾಗದ ಮೇಯರ್ ಲೆಲ್ಲೋಸ್ ಡಿಮೆಟ್ರಿಯಾಡಿಸ್ ಮತ್ತು ಉತ್ತರ ಭಾಗದ ಮುಸ್ತಫಾ ಅಕಿಂಜಿ ಅವರು ಮಾತುಕತೆ ನಡೆಸಿ ಜಂಟಿ ವ್ಯವಸ್ಥೆಗೆ ಒಪ್ಪಿದರು. ಇದರ ಮುಂದುವರಿಕೆಯಾಗಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಇಡೀ ನಗರಕ್ಕೆ ಒಂದೇ ಮಹಾಯೋಜನೆ ಸಿದ್ಧವಾಯಿತು. ಹೀಗೆ ನೆಲದ ಮೇಲೆ ಇಬ್ಭಾಗವಾಗಿದ್ದ ನಗರವು ನೆಲದಡಿಯಲ್ಲಿ ಒಂದಾಗಿ ಉಳಿಯಿತು.

ನಾಪತ್ತೆಯಾದವರ ಶೋಧ: 1963-64 ಮತ್ತು 1974ರ ಹಿಂಸಾಚಾರಗಳಲ್ಲಿ ನಾಪತ್ತೆಯಾದ 2,002 ಜನರ ಅಧಿಕೃತ ಪಟ್ಟಿಯಲ್ಲಿ 1,510 ಮಂದಿ ಗ್ರೀಕ್ ಭಾಷಿಕರೂ 492 ಮಂದಿ ಟರ್ಕಿ ಭಾಷಿಕರೂ ಇದ್ದಾರೆ. ಇವರನ್ನು ಪತ್ತೆಹಚ್ಚಲು 1981ರಲ್ಲಿ ಸಮಿತಿಯೊಂದನ್ನು ರಚಿಸಲಾಯಿತು. ಅದರಲ್ಲಿ ಎರಡೂ ಸಮುದಾಯಗಳ ತಲಾ ಒಬ್ಬ ಸದಸ್ಯರಿದ್ದು, ಮೂರನೆಯವರನ್ನು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ಸೂಚಿಸುತ್ತದೆ. ಸಾವಿಗೆ ಯಾರು ಹೊಣೆ ಎಂಬುದನ್ನು ಈ ಸಮಿತಿಯು ನಿರ್ಣಯಿಸುವುದಿಲ್ಲ. ಇದು ನೊಂದವರಿಗೆ ಸುಲಭವಾಗಿ ಒಪ್ಪಿಗೆಯಾಗುವ ನಿಯಮವಲ್ಲ. ಆದರೆ ಶಿಕ್ಷೆಯ ಭಯವಿಲ್ಲದೆ ಸಾಕ್ಷಿಗಳು ಸಮಾಧಿ ಸ್ಥಳಗಳ ಮಾಹಿತಿ ನೀಡಲು ಇದರಿಂದ ಸಾಧ್ಯವಾಗಿದೆ. ಎರಡೂ ಸಮುದಾಯಗಳ ವಿಜ್ಞಾನಿಗಳು ಒಟ್ಟಿಗೆ ಉತ್ಖನನ ನಡೆಸಿ, ಒಂದು ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿದ್ದಾರೆ. ದಶಕಗಳ ಕಾಲ ಕಾದಿದ್ದ ಕುಟುಂಬಗಳಿಗೆ ತಮ್ಮವರ ಅಂತ್ಯಸಂಸ್ಕಾರ ನೆರವೇರಿಸುವ ಅವಕಾಶ ದೊರೆತಿದೆ.

ಮಿತಿಗಳು

ಸೈಪ್ರಸ್‌ನಲ್ಲಿ ಅಂತಿಮ ಒಪ್ಪಂದ ಇನ್ನೂ ಆಗಿಲ್ಲ. 2003ರಲ್ಲಿ ಹಸಿರು ಗೆರೆಯ ದಾಟುದಾರಿಗಳು ತೆರೆದವು. ಆದರೆ 2004ರ ಏಪ್ರಿಲ್‌ನಲ್ಲಿ ನಡೆದ ಜನಮತ ಗಣನೆಯಲ್ಲಿ ವಿಶ್ವಸಂಸ್ಥೆಯ ಏಕೀಕರಣ ಯೋಜನೆಯನ್ನು ಟರ್ಕಿ ಭಾಷಿಕರು ಒಪ್ಪಿದರೂ ಗ್ರೀಕ್ ಭಾಷಿಕರು ತಿರಸ್ಕರಿಸಿದರು. ಮೂರು ತಿಂಗಳಿಗೆಂದು ಬಂದ ಪಡೆಯ ಅವಧಿಯನ್ನು ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ವಿಸ್ತರಿಸಲಾಗುತ್ತಿದೆ. ಪಡೆಯ ಇರುವಿಕೆಯೇ ನಾಯಕರಲ್ಲಿ ರಾಜಿಯ ತುರ್ತನ್ನು ಕಡಿಮೆ ಮಾಡಿದೆ ಎಂಬ ಟೀಕೆಯೂ ಇದೆ, ಇದನ್ನು ತಳ್ಳಿಹಾಕುವಂತಿಲ್ಲ.

ಅಗತ್ಯವಾದ ಅಧಿಕಾರ ಮತ್ತು ಬಲವಿಲ್ಲದೆ ಪಡೆಯನ್ನು ಕಳುಹಿಸಿದರೆ ಆಗುವ ಅನಾಹುತಕ್ಕೂ ನಿದರ್ಶನಗಳಿವೆ. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗಲೇ ಅಲ್ಲಿನ ಪಡೆಯನ್ನು ಭದ್ರತಾ ಮಂಡಳಿಯು ಕಡಿತಗೊಳಿಸಿತು. 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾವನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿದ್ದರೂ ಅಲ್ಲಿ ಸಾಮೂಹಿಕ ಹತ್ಯೆ ನಡೆಯಿತು. ಈ ವೈಫಲ್ಯಗಳ ಹಿನ್ನೆಲೆಯಲ್ಲಿ 2000ದಲ್ಲಿ ಲಖ್ದರ್ ಬ್ರಾಹಿಮಿ ಅವರ ಅಧ್ಯಕ್ಷತೆಯ ಸಮಿತಿಯು ವರದಿ ನೀಡಿತು. ಪಡೆಗೆ ವಹಿಸುವ ಕಾರ್ಯವು ಸ್ಪಷ್ಟವಾಗಿರಬೇಕು ಹಾಗೂ ಅದಕ್ಕೆ ತಕ್ಕ ಸಂಪನ್ಮೂಲ ಇರಬೇಕು ಎಂದು ವರದಿಯು ಒತ್ತಿ ಹೇಳಿತು.

ಉಪಸಂಹಾರ

ಭಾರತವು ಈವರೆಗೆ 50ಕ್ಕೂ ಹೆಚ್ಚು ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಿಬ್ಬಂದಿಯನ್ನು ತೊಡಗಿಸಿದೆ. ಅವರ ಪೈಕಿ ಸುಮಾರು 180 ಮಂದಿ ಪ್ರಾಣ ತೆತ್ತಿದ್ದಾರೆ. ಇವರ ಹಾಗೂ ಇತರ ರಾಷ್ಟ್ರಗಳ ಶಾಂತಿಪಾಲಕರ ಸ್ಮರಣೆಗಾಗಿ ಪ್ರತಿವರ್ಷ ಮೇ 29ರಂದು ಅಂತಾರಾಷ್ಟ್ರೀಯ ಶಾಂತಿಪಾಲಕರ ದಿನವನ್ನು ಆಚರಿಸಲಾಗುತ್ತದೆ.

ಶಾಂತಿಪಾಲನಾ ಪಡೆಯು ಶಾಂತಿಯನ್ನು ತಂದುಕೊಡಲಾರದು. ಅದು ಆಯಾ ಜನರೂ ಅವರ ನಾಯಕರೂ ಮಾಡಬೇಕಾದ ಕೆಲಸ. ಆ ಕೆಲಸಕ್ಕೆ ಬೇಕಾದ ಸಮಯವನ್ನು ಮಾತ್ರ ಅದು ಒದಗಿಸಬಲ್ಲದು. ಹಾಗೆ ದೊರೆತ ಸಮಯವನ್ನು ನಾಯಕರು ವ್ಯರ್ಥಗೊಳಿಸಿದಾಗಲೂ, ಆ ಅವಧಿಯಲ್ಲಿ ರೈತನು ಬೆಳೆಯನ್ನು ಮನೆಗೆ ತಂದಿರುತ್ತಾನೆ, ಮಕ್ಕಳು ಯುದ್ಧವನ್ನು ಕಾಣದೆ ಬೆಳೆದಿರುತ್ತಾರೆ. ಇಂತಹ ಸಂಸ್ಥೆಗಳ ಉಪಯುಕ್ತತೆಯನ್ನು ಅಳೆಯುವಾಗ ಆಗದಿರುವ ಒಪ್ಪಂದದೊಂದಿಗೆ, ಉಳಿದುಕೊಂಡ ಈ ಜೀವಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯೋಚಿತವಾಗಿರುತ್ತದೆ.