ಭಾವ ಕಂಡ ಬ್ಯೂಕ್ ಕಾರು

ಕುಮಟಾ ತಾಲೂಕಿನ ಸಂತೆಗುಳಿಯಲ್ಲಿ ನಮ್ಮ ಸೋದರತ್ತೆಯ ಮನೆ. ಅಡಕೆಯ ತೋಟ, ಹಂಚಿನ ಮಾಡು, ಮಳೆಗಾಲ ಕಳೆದು ತಿಂಗಳುಗಳಾದರೂ ಪಾಚಿಯ ಕಲೆ ಬಿಡದ ಪಾಗಾರ. ಅತ್ತೆಯ ಹಿರಿಯ ಮಗ, ಅಂದರೆ ನನ್ನ ಭಾವ, ಅಮೇರಿಕದ ಡೆಟ್ರಾಯಿಟ್ ನಗರದ ಬಳಿ ಮೋಟಾರು ಉದ್ಯಮದಲ್ಲಿ ಇಂಜಿನಿಯರಾಗಿದ್ದು ಈಗ ನಿವೃತ್ತರಾಗಿದ್ದಾರೆ. ಕಳೆದ ಚಳಿಗಾಲದಲ್ಲಿ ಅವರಿಂದ ಅತ್ತೆಯ ಫೋನಿಗೆ ಒಂದು ಹಳೆಯ ಕಾರಿನ ಚಿತ್ರ ಬಂದಿತು. ಮಾರಾಟಕ್ಕಿದೆಯೆಂದೂ ಕೊಳ್ಳುವ ಮನಸ್ಸಾಗಿದೆಯೆಂದೂ ಕೆಳಗೆ ಎರಡು ಸಾಲು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಇದಕ್ಕೆ ಎರಡೇ ಬಾಗಿಲು! ಹಿಂದೆ ಕೂತವರು ಇಳಿಯುವುದು ಹೇಗೋ ತಮ್ಮಾ?”

ಕೂಪೆ ಎಂಬ ಜಾತಿಯ ಕಾರಿನ ಗುಣವನ್ನೆಲ್ಲ ಆ ಒಂದು ಪ್ರಶ್ನೆಯೇ ಹೇಳಿಬಿಟ್ಟಿತು. ಆ ಫ್ರೆಂಚ್ ಶಬ್ದಕ್ಕೆ ‘ಕತ್ತರಿಸಿದ್ದು’ ಎಂದರ್ಥ. ಕುದುರೆಗಾಡಿಗಳ ಕಾಲದಲ್ಲಿ ದೊಡ್ಡ ಸಾರೋಟಿನ ಒಂದು ಭಾಗವನ್ನು ಕಡಿದು ಇಬ್ಬರಿಗಷ್ಟೇ ಸ್ಥಳವಿಟ್ಟ ಗಾಡಿಗೆ ಆ ಹೆಸರಿತ್ತು. ಮೋಟಾರು ಬಂದ ಮೇಲೆ ಎರಡು ಬಾಗಿಲಿನ ಕಾರಿಗೆ ಅದು ಅಂಟಿಕೊಂಡಿತು. ನಮ್ಮಲ್ಲಿ ದೊಡ್ಡ ಅಮೇರಿಕನ್ ಕಾರುಗಳೇ ಇರಲಿಲ್ಲವೆಂದಲ್ಲ. ಉತ್ತರ ಕನ್ನಡವು ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿತ್ತಷ್ಟೆ; ಅದೇ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆಯವರು ಡಾಜ್, ಪ್ಲಿಮತ್, ಡಿಸೋಟೋ ಕಾರುಗಳನ್ನು ಜೋಡಿಸುತ್ತಿದ್ದರು. ಆದರೆ ನಮಗೆ ಬೇಕಾದದ್ದು ನಾಲ್ಕು ಬಾಗಿಲಿನವು. ಶ್ರೀಮಂತರು ಹಿಂದೆ ಕೂರುವವರು, ಡ್ರೈವರು ಮುಂದೆ. ಟ್ಯಾಕ್ಸಿಯಾದರೆ ಹಿಂದೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟು. ಕೂಪೆಯಲ್ಲಾದರೋ ಯಜಮಾನನೇ ಸಾರಥಿ. ಅಜ್ಜಿಗೆ, ಅಡಕೆ ಮೂಟೆಗೆ, ಮದುವೆಯ ದಿಬ್ಬಣಕ್ಕೆ ಅದರಲ್ಲಿ ಎಡೆಯಿಲ್ಲ. ಇಷ್ಟು ದೊಡ್ಡ ಕಾರನ್ನು ಇಷ್ಟು ಕಡಮೆ ಜನರಿಗಾಗಿ ಮಾಡಿರುವುದೇ ಅದರ ವೈಭವ.

ಭಾವ ಮೋಹಗೊಂಡದ್ದು ೧೯೬೩ರ ಬ್ಯೂಕ್ ರಿವಿಯೆರಾ. ೧೯೫೯ರ ಕ್ಯಾಡಿಲಾಕಿನ ಹಿಂಭಾಗಕ್ಕೆ ಆಳೆತ್ತರದ ರೆಕ್ಕೆ ಮೂಡಿಸಿ ಜಗತ್ತನ್ನು ಬೆರಗುಗೊಳಿಸಿದ ಜನರಲ್ ಮೋಟಾರ್ಸ್ ಸಂಸ್ಥೆಯೇ ನಾಲ್ಕು ವರ್ಷಗಳೊಳಗೆ ಈ ಸಂಯಮದ ಕಾರನ್ನೂ ಮಾಡಿತು. ಅಲ್ಲಿನ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್ ಲಂಡನ್ನಿನ ಮಂಜಿನಲ್ಲಿ, ಚೂರಿಯ ಅಲಗಿನಂಥ ಅಂಚುಗಳುಳ್ಳ ಒಂದು ರೋಲ್ಸ್ ರಾಯ್ಸ್ ಕಾರನ್ನು ಕಂಡಾಗ ಇದರ ಕಲ್ಪನೆ ಹುಟ್ಟಿತೆಂದು ಕಥೆ. ಕ್ಯಾಡಿಲಾಕಿಗಾಗಿ ಎಂದು ಯೋಚಿಸಿದ ಈ ವಿನ್ಯಾಸ, ಆ ವಿಭಾಗಕ್ಕೆ ಬೇಡವಾದುದರಿಂದ, ಒಳಗೊಳಗೇ ನಡೆದ ಸ್ಪರ್ಧೆಯಲ್ಲಿ ಬ್ಯೂಕಿನ ಪಾಲಾಯಿತು. ಮೊದಲ ವರ್ಷ ಬೇಕೆಂದೇ ೪೦,೦೦೦ ಕಾರುಗಳಿಗೆ ನಿಲ್ಲಿಸಿದರು. ಕೈಗೆ ಸುಲಭವಾಗಿ ಸಿಗದ ವಸ್ತುವಿಗೆ ಬೆಲೆಯೆಂಬುದನ್ನು ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಾರನ್ನು ಪಕ್ಕದಿಂದ ನೋಡಬೇಕು. ನಮ್ಮ ಅಂಬಾಸಡರಿಗಿಂತ ಸುಮಾರು ಮೂರಡಿ ಉದ್ದ, ಆದರೆ ಎಲ್ಲಿಯೂ ಬೊಜ್ಜು ಕಾಣದು. ಇಸ್ತ್ರಿ ಮಾಡಿದ ಪಂಚೆಯ ಮಡಿಕೆಯಂತೆ ಒಂದೇ ಗೆರೆ ಮುಂದಿನಿಂದ ಹಿಂದಕ್ಕೆ ಹರಿದು, ಹಿಂಗಾಲಿಯ ಮೇಲೆ ಮೆಲ್ಲಗೆ ಏರಿ ಇಳಿಯುತ್ತದೆ. ಬಾಗಿಲ ಗಾಜಿಗೆ ಚೌಕಟ್ಟಿಲ್ಲ, ನಡುವೆ ಕಂಬವಿಲ್ಲ. ಗಾಜುಗಳನ್ನೆಲ್ಲ ಇಳಿಸಿದರೆ ಕಾರು ತೆರೆದ ಮಂಟಪವಾಗುತ್ತದೆ. ಒಳಗೆ ನಾಲ್ವರಿಗೆ ನಾಲ್ಕು ಪ್ರತ್ಯೇಕ ಆಸನ, ಐದನೆಯವರು ಮನೆಯಲ್ಲಿರಬೇಕು. ಇಂಜಿನು ೬.೬ ಲೀಟರಿನದು, ೩೨೫ ಅಶ್ವಶಕ್ತಿ. ಅಂಬಾಸಡರಿನ ಒಂದೂವರೆ ಲೀಟರಿನ ಇಂಜಿನುಗಳನ್ನು ನಾಲ್ಕು ಕೂಡಿಸಿದರೂ ಅದರ ಸಮಕ್ಕೆ ಬಾರದು. ಪೆಟ್ರೋಲಿನ ಮಾತು ಎತ್ತದಿರುವುದೇ ಮರ್ಯಾದೆ. ರಿವಿಯೆರಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಡಲತೀರ. ಅರಬ್ಬೀ ಸಮುದ್ರದ ಸೀಮೆಯಲ್ಲಿ ಹುಟ್ಟಿದವರಿಗೆ ಆ ಹೆಸರು ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ಡೆಟ್ರಾಯಿಟಿನ ವುಡ್‌ವರ್ಡ್ ರಸ್ತೆಯಲ್ಲಿ ೧೯೯೫ರಿಂದ ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ರಸ್ತೆಯಂಚಿನಲ್ಲಿ ಮಡಚುಕುರ್ಚಿ ಹಾಕಿಕೊಂಡು ನೋಡುವವರಲ್ಲಿ ಭಾವನೂ ಒಬ್ಬರು. ಒಮ್ಮೆಯಾದರೂ ಕುರ್ಚಿಯಿಂದ ಎದ್ದು ರಸ್ತೆಗಿಳಿಯಬೇಕೆಂಬ ಆಸೆ ಅವರದು.

ಆಸೆಯೇನೋ ಸರಿ. ಮಾರುವವನು ಕೇಳಿದ ಹಣಕ್ಕೆ ಅಲ್ಲಿ ಒಂದು ಸಾಧಾರಣ ಹೊಸ ಕಾರು ಬರುತ್ತದೆ. ಭಾವನ ಬಳಿ ಹಾಗೆ ಎತ್ತಿಟ್ಟ ಗಂಟು ಒಂದೇ. ಸಂತೆಗುಳಿಯ ಮನೆಯ ಮಾಡು ಬಿಚ್ಚಿ, ಗೆದ್ದಲು ಹಿಡಿದ ಪಕಾಸು, ರೀಪುಗಳನ್ನು ಬದಲಿಸಿ ಹೊಸ ಹಂಚು ಹೊದಿಸುವೆನೆಂದು ಅವರು ತಾಯಿಗೆ ಮಾತು ಕೊಟ್ಟು ಮೂರು ಮಳೆಗಾಲ ಕಳೆದಿದ್ದವು. ಅತ್ತೆ ಅದನ್ನು ಬಾಯಿಬಿಟ್ಟು ನೆನಪಿಸಲಿಲ್ಲ. ಕೇಳಿದ್ದು ಇಷ್ಟೇ: “ಹಂಡೆ ಕೊಳ್ಳುವಾಗಲೂ ಕವುಚಿ ಹಾಕಿ ಬುಡ ನೋಡುತ್ತೇವೆ. ಅವನು ಅದರ ಅಡಿ ನೋಡಿದ್ದಾನೆಯೇ?”

ಭಾವ ನೋಡಿರಲಿಲ್ಲ. ಹೊಳೆಯುವ ಬಣ್ಣ, ಕನ್ನಡಿಯಂಥ ಕ್ರೋಮಿಯಂ ಬಂಪರು, ಹರಿಯದ ಆಸನ, ಒಂದೇ ಸಲಕ್ಕೆ ಚಾಲೂ ಆಗುವ ಇಂಜಿನು, ಇಷ್ಟರಲ್ಲೇ ಮನಸೋತಿದ್ದರು. ಮೂವತ್ತು ವರ್ಷ ಕಾರು ಮಾಡಿದವರೂ ಕಾರು ಕೊಳ್ಳುವಾಗ ಮದುವೆಯ ಗಂಡಿನಂತಾಗುತ್ತಾರೆ.

ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು ೧೨೦೦ ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ಹಿಮ ಬಿದ್ದಾಗ ಅಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಹಿಮ ಕರಗಿ, ಉಪ್ಪುನೀರು ಚಕ್ರದಿಂದ ಸಿಡಿದು, ಕಾರಿನ ಹೊಟ್ಟೆಯ ಸಂದುಗೊಂದುಗಳಲ್ಲಿ ಸೇರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕುಮಟಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಣಿಕಟ್ಟಾದ ಉಪ್ಪಿನ ಆಗರದ ಸುತ್ತ ಬಾಗಿಲ ಚಿಲಕ, ಸೈಕಲ್ಲಿನ ಸರಪಳಿ ಎಷ್ಟು ವರ್ಷ ಬಾಳುತ್ತವೆಂದು ನಮ್ಮವರು ಬಲ್ಲರು.

ಮುಂದಿನ ಭಾನುವಾರ ಭಾವ ಒಬ್ಬ ಹಳೆಯ ಮೆಕ್ಯಾನಿಕನನ್ನು ಕರೆದುಕೊಂಡು ಹೋದರು. ನಮಗೆ ಆಗ ರಾತ್ರಿ. ಫೋನಿನ ಪರದೆಯಲ್ಲಿ ಅತ್ತೆ, ನಾನು ಎಲ್ಲವನ್ನೂ ಕಂಡೆವು. ಇಂಜಿನನ್ನು ಮೊದಲೇ ಬಿಸಿ ಮಾಡಿಡಬೇಡಿರೆಂದು ಹೇಳಿಟ್ಟಿದ್ದರಂತೆ, ತಣ್ಣಗಿರುವಾಗಲೇ ಅದರ ರೋಗ ಹೊರಬೀಳುವುದು. ನೀಲಿ ಹೊಗೆ ಬರಲಿಲ್ಲ. ಗೇರುಪೆಟ್ಟಿಗೆಯ ಎಣ್ಣೆ ಕೆಂಪಗಿತ್ತು, ಸುಟ್ಟ ವಾಸನೆಯಿಲ್ಲ. ಕೂಪೆಯ ಬಾಗಿಲು ಉದ್ದ, ಭಾರವೂ ಹೆಚ್ಚು; ಅದನ್ನು ತೆರೆದು ತುದಿ ಹಿಡಿದು ಎತ್ತಿ ನೋಡಿದ, ತಿರುಗಣಿ ಸ್ವಲ್ಪವೇ ಸವೆದಿತ್ತು. ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದ. ಬಾನೆಟ್ಟಿಗೆ ಅಂಟಿತು, ಬಾಗಿಲಿಗೆ ಅಂಟಿತು. ಹಿಂಗಾಲಿಯ ಕೆಳಗೆ ಒಂದು ಗೇಣು ಜಾಗದಲ್ಲಿ ಅಂಟದೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡಿರಲಿಲ್ಲ, ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು.

ಕಾರನ್ನು ಮೇಲೆತ್ತಿದರು. ಈ ರಿವಿಯೆರಾಗಳಿಗೆ ಪಕ್ಕದಲ್ಲಿ ಉದ್ದ ತೊಲೆಗಳಿಲ್ಲ. ನಡುವೆ ಗುಣಿಸುವ ಚಿಹ್ನೆಯಂತೆ ಕೂಡುವ ಉಕ್ಕಿನ ಚೌಕಟ್ಟೇ ಬೆನ್ನೆಲುಬು. ಮೆಕ್ಯಾನಿಕನು ಅದರ ಹಿಂದಿನ ತೋಳಿಗೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದ. ಹಪ್ಪಳ ಮುರಿದಂಥ ಸದ್ದು ನಮಗೂ ಕೇಳಿಸಿತು. ಸ್ಕ್ರೂಡ್ರೈವರು ಒಳಗೆ ಹೋಯಿತು, ಕೆಂಪು ಪುಡಿ ಅವನ ಟೋಪಿಯ ಮೇಲೆ ಉದುರಿತು.

ಯಾರೂ ಮಾತನಾಡಲಿಲ್ಲ. ಇಂಜಿನು ಕೆಟ್ಟರೆ ಸರಿಪಡಿಸಬಹುದು. ಭಾಗಗಳು ಈಗಲೂ ಸಿಗುತ್ತವೆ. ಚೌಕಟ್ಟು ತಿಂದುಹೋಗಿದ್ದರೆ ಕಾರಿನ ಮೈಯನ್ನೆಲ್ಲ ಬಿಚ್ಚಬೇಕು, ಖರ್ಚು ಕಾರಿನ ಬೆಲೆಯನ್ನೂ ಮೀರಬಹುದು. ಹಾಗೆಂದು ಆ ಕಾರು ಸುಳ್ಳೆಂದು ನಾನು ಹೇಳಲಾರೆ. ಅದನ್ನು ಕೆಳಗಿಳಿಸಿದಾಗ, ಆ ಮಡಿಕೆಯ ಗೆರೆ ಬೆಳಕಿಗೆ ಬಂದಾಗ, ಎಲ್ಲ ತಿಳಿದ ಮೇಲೂ ನನ್ನ ಕಣ್ಣು ಅದರ ಮೇಲೆಯೇ ಇತ್ತು. ಭಾವ ಅಂಗೈಯಿಂದ ಒಮ್ಮೆ ಬಾನೆಟ್ಟು ಸವರಿ, ಮಾರುವವನಿಗೆ ವಂದನೆ ಹೇಳಿ ಹೊರಟರು.

ಮಾರ್ಚಿಯಲ್ಲಿ ಹಣ ಬಂತು. ಮೇ ತಿಂಗಳು ಮುಗಿಯುವ ಮೊದಲೇ ಹೊಸ ಪಕಾಸು, ಹೊಸ ಹಂಚು. ಮೊದಲ ಮಳೆಗೆ ಅತ್ತೆ ಜಗಲಿಯಲ್ಲಿ ಕುಳಿತು ಮಾಡನ್ನೇ ನೋಡುತ್ತಿದ್ದರು. ಒಂದು ಹನಿಯೂ ಸೋರಲಿಲ್ಲ. ಅದೇ ಸಂಜೆ ಭಾವ ಮತ್ತೊಂದು ಚಿತ್ರ ಕಳಿಸಿದರು. ಅದೇ ವರ್ಷದ ರಿವಿಯೆರಾ, ತಿಳಿನೀಲಿ ಬಣ್ಣ. ಅರಿಜೋನಾ ಎಂಬ ಮರುಭೂಮಿಯ ಸೀಮೆಯಲ್ಲಿ ಮಾರಾಟಕ್ಕಿದೆ. ಹಣವಿಲ್ಲ, ಸುಮ್ಮನೆ ನೋಡಲಿಕ್ಕೆ ಎಂದು ಬರೆದಿದ್ದರು.

ಅತ್ತೆ ಕನ್ನಡಕ ಏರಿಸಿಕೊಂಡರು.

“ಆ ಊರಿನಲ್ಲಿ ಮಳೆ ಎಷ್ಟು ಬೀಳುತ್ತದೆಂದು ಕೇಳು” ಎಂದರು.